ಪರವಾನಗಿ ಬೇಡದ ವಾಕಿಟಾಕಿ: ಅಲೆಗಳ ಗೋಮಾಳ

ರೇಡಿಯೋ ಅಲೆಗಳನ್ನು ಹೊರಡಿಸುವ ಉಪಕರಣ ಯಾವುದೇ ಇರಲಿ, ಅದನ್ನು ಬಳಸುವುದಕ್ಕೆ ಸರ್ಕಾರದ ಅನುಮತಿ ಬೇಕು ಎಂಬುದು ಜಗತ್ತಿನ ಬಹುತೇಕ ಎಲ್ಲ ದೇಶಗಳ ಕಾನೂನಿನ ತಳಹದಿ. ಪೊಲೀಸರ ವೈರ್‌ಲೆಸ್, ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ, ಆಕಾಶವಾಣಿಯ ಪ್ರಸಾರ ಕೇಂದ್ರ, ಮೊಬೈಲ್ ಕಂಪನಿಯ ಟವರ್ ಇವೆಲ್ಲವೂ ತಮಗೆ ಗೊತ್ತುಪಡಿಸಿದ ಕಂಪನಾಂಕದಲ್ಲಿ, ಅಂದರೆ ಅಲೆಯು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸಬೇಕೆಂದು ನಿಗದಿಯಾಗಿದೆಯೋ ಅಷ್ಟರಲ್ಲೇ, ಕೆಲಸ ಮಾಡುತ್ತವೆ. ಒಬ್ಬರಿಗೆ ಮೀಸಲಾದ ಕಂಪನಾಂಕದೊಳಗೆ ಮತ್ತೊಬ್ಬರು ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಈ ಕಟ್ಟುನಿಟ್ಟಿನ ನಡುವೆಯೇ ಹಲವು ದೇಶಗಳು ಒಂದಿಷ್ಟು ಜಾಗವನ್ನು ಜನಸಾಮಾನ್ಯರಿಗೆ ಬಿಟ್ಟುಕೊಟ್ಟಿವೆ. ಪರೀಕ್ಷೆ ಬರೆಯದೆ, ಅರ್ಜಿ ಹಾಕದೆ, ಶುಲ್ಕ ಕಟ್ಟದೆ, ಅಂಗಡಿಯಲ್ಲಿ ಕೊಂಡ ಜೋಡಿ ವಾಕಿಟಾಕಿಯನ್ನು ಮಕ್ಕಳ ಕೈಗೂ ಕೊಟ್ಟು ಮಾತಾಡಬಹುದಾದ ಈ ಜಾಗಕ್ಕೆ ಅಮೆರಿಕದಲ್ಲಿ ಫ್ಯಾಮಿಲಿ ರೇಡಿಯೋ ಸರ್ವಿಸ್ ಎಂದೂ ಯುರೋಪಿನಲ್ಲಿ ಪಿಎಂಆರ್ 446 ಎಂದೂ ಹೆಸರು. ಭಾರತದಲ್ಲಿಯೂ ಅಂಥ ಜಾಗ ಇದೆ. ಆದರೆ ಅದರ ಎಲ್ಲೆ ಎಲ್ಲಿದೆ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ಸ್ಪಷ್ಟವಾಗಿ ತಿಳಿದಂತಿಲ್ಲ.

ಈ ಸ್ವಾತಂತ್ರ್ಯ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಊರಿನ ಗೋಮಾಳದ ವ್ಯವಸ್ಥೆಯನ್ನು ನೆನೆದರೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಗೋಮಾಳಕ್ಕೆ ಒಬ್ಬ ಒಡೆಯನಿಲ್ಲ, ಅಲ್ಲಿ ದನ ಮೇಯಿಸುವವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ಯಾರೂ ಅಲ್ಲಿ ಬೇಲಿ ಹಾಕುವಂತಿಲ್ಲ, ತನ್ನ ದನಕ್ಕೇ ಹುಲ್ಲು ಉಳಿಯಬೇಕೆಂದು ಹಕ್ಕು ಸಾಧಿಸುವಂತೆಯೂ ಇಲ್ಲ. ಪರವಾನಗಿ ರಹಿತ ರೇಡಿಯೋದ ಕಾನೂನು ಹೇಳುವುದೂ ಇಷ್ಟನ್ನೇ. ಬಳಕೆದಾರನು ಇತರರಿಗೆ ಅಡಚಣೆ ಮಾಡಬಾರದು, ಇತರರಿಂದ ತನಗೆ ಅಡಚಣೆಯಾದರೆ ರಕ್ಷಣೆ ಕೇಳಬಾರದು, ಯಾವ ಚಾನೆಲ್ಲೂ ಯಾರ ಸ್ವತ್ತೂ ಅಲ್ಲ. ಈ ಮೂರು ಷರತ್ತುಗಳ ಕೆಳಗೆ ನಾಲ್ಕನೆಯದೊಂದು ಇದ್ದು, ಎಲ್ಲಕ್ಕೂ ಆಧಾರವಾಗಿರುವುದು ಅದೇ: ಪ್ರತಿ ಸೆಟ್ಟಿನ ಶಕ್ತಿ ಕಡಿಮೆ ಇರಬೇಕು. ಮಾತು ದೂರ ಹೋಗದಿರುವುದು ಈ ಸೆಟ್ಟುಗಳ ದೋಷವೆಂದು ಕೊಳ್ಳುವವರು ಭಾವಿಸುತ್ತಾರೆ. ಇಲ್ಲಿ ಮಾತಾಡಿದ್ದು ಎರಡು ಕಿಲೋಮೀಟರ್ ಆಚೆಗೆ ಕೇಳಿಸದಿದ್ದರೆ ಮಾತ್ರ ಅಲ್ಲಿಯವರು ಅದೇ ಚಾನೆಲ್ಲಿನಲ್ಲಿ, ಅದೇ ಹೊತ್ತಿನಲ್ಲಿ ತಮ್ಮ ಮಾತನ್ನಾಡಬಹುದು. ಆದ್ದರಿಂದ ಆ ಕಡಿಮೆ ದೂರವೇ ಪರವಾನಗಿಯ ಅಗತ್ಯವನ್ನು ಅಳಿಸಿದ ಗುಣ. ಈ ಸರಳ ಸತ್ಯವನ್ನು ಕಾನೂನು ಕಲಿತುಕೊಳ್ಳುವುದಕ್ಕೆ ಅರ್ಧ ಶತಮಾನ ಹಿಡಿಯಿತು.

ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೋದ ಕಲ್ಪನೆ ಎರಡನೆಯ ಮಹಾಯುದ್ಧಕ್ಕಿಂತ ಸ್ವಲ್ಪ ಮೊದಲೇ ಮೂಡಿತ್ತು. ಕೆನಡಾದ ಡೊನಾಲ್ಡ್ ಹಿಂಗ್ಸ್ 1937ರಲ್ಲಿ, ಟೊರಾಂಟೊದಲ್ಲಿ ಹುಟ್ಟಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದ ಆಲ್ ಗ್ರಾಸ್ 1938ರಲ್ಲಿ ಬೇರೆಬೇರೆಯಾಗಿ ಇಂಥ ಸೆಟ್ಟುಗಳನ್ನು ಕಟ್ಟಿದರು. ಯುದ್ಧಕಾಲದಲ್ಲಿ ಮೊಟೊರೊಲಾ ಕಂಪನಿ ಸೈನ್ಯಕ್ಕಾಗಿ ಮಾಡಿಕೊಟ್ಟ ಎಸ್‌ಸಿಆರ್-536 ಎಂಬ ಸೆಟ್ಟು ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿತ್ತು. ಎಸ್‌ಸಿಆರ್-300 ಎಂಬ ಇನ್ನೊಂದನ್ನು ಸೈನಿಕನೊಬ್ಬ ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕಾಗಿತ್ತು. ವಾಕಿಟಾಕಿ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆ ವರ್ಷಗಳಲ್ಲಿ. ಗ್ರಾಸ್ ಅವರು ಅಮೆರಿಕದ ಗೂಢಚಾರ ಸಂಸ್ಥೆಗಾಗಿ ದುಡಿದ ಯೋಜನೆಯೊಂದು ಈ ಲೇಖನದ ವಿಷಯಕ್ಕೆ ವಿಶೇಷವಾಗಿ ಹತ್ತಿರವಾದದ್ದು. ಶತ್ರುವಿನ ನೆಲದಲ್ಲಿದ್ದ ಗೂಢಚಾರನು ತಲೆಯ ಮೇಲೆ ಹಾರುವ ವಿಮಾನದೊಡನೆ ಮಾತಾಡಲು ಜೋನ್-ಎಲಿನೋರ್ ಎಂಬ ಆ ವ್ಯವಸ್ಥೆಯಲ್ಲಿ 260 ಮೆಗಾಹರ್ಟ್ಸ್‌ನಷ್ಟು ಎತ್ತರದ ಕಂಪನಾಂಕವನ್ನು ಬಳಸಲಾಯಿತು. ಅಂಥ ಅಲೆಗಳು ನೇರವಾಗಿ ಸಾಗುವುದರಿಂದ, ಮೇಲಿನ ವಿಮಾನಕ್ಕೆ ಮಾತು ಮುಟ್ಟುತ್ತಿತ್ತು, ನೆಲದ ಮೇಲೆ ಕೆಲವೇ ಮೈಲಿ ಆಚೆಗಿದ್ದ ಶತ್ರುವಿನ ಕಿವಿಗೆ ಬೀಳುತ್ತಿರಲಿಲ್ಲ.

ಯುದ್ಧ ಮುಗಿಯುತ್ತ ಬಂದಾಗ ಅಮೆರಿಕದಲ್ಲಿ ತರಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಆಯೋಗ, ಸಂಕ್ಷೇಪದಲ್ಲಿ ಎಫ್‌ಸಿಸಿ, ಧೈರ್ಯದ ಹೆಜ್ಜೆಯೊಂದನ್ನು ಇಟ್ಟಿತು. ಸಾಮಾನ್ಯ ನಾಗರಿಕನಿಗೂ ರೇಡಿಯೋ ಬೇಕು ಎಂದು ಒಪ್ಪಿಕೊಂಡು 1945ರಲ್ಲಿ 460ರಿಂದ 470 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ಸಿಟಿಜನ್ಸ್ ರೇಡಿಯೋ ಎಂಬ ಹೊಸ ಸೇವೆಗೆ ತೆಗೆದಿಟ್ಟಿತು. ಆಯೋಗದ ಸದಸ್ಯ ಇ.ಕೆ. ಜೆಟ್ ಅದೇ ವರ್ಷ ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದು, ವೈದ್ಯರಿಗೆ, ರೈತರಿಗೆ, ಗೃಹಿಣಿಯರಿಗೆ ಇದರಿಂದ ಆಗಬಹುದಾದ ಅನುಕೂಲಗಳನ್ನು ವಿವರಿಸಿದರು. ಗ್ರಾಸ್ ತಮ್ಮದೇ ಕಂಪನಿ ಕಟ್ಟಿ ಸೆಟ್ಟುಗಳನ್ನು ತಯಾರಿಸಿದರು. ಆದರೆ ಅಂದಿನ ಗಾಜಿನ ವಾಲ್ವುಗಳಿಂದ ಅಷ್ಟು ಎತ್ತರದ ಕಂಪನಾಂಕದಲ್ಲಿ ಅಗ್ಗವಾದ, ನಂಬಬಹುದಾದ ಸೆಟ್ಟು ಮಾಡುವುದು ಬಹಳ ಕಷ್ಟವಾಗಿತ್ತು. ಕಾನೂನು ಆರಿಸಿಕೊಂಡ ಜಾಗ ಸರಿಯಾಗಿಯೇ ಇದ್ದರೂ ತಂತ್ರಜ್ಞಾನ ಅಲ್ಲಿಗೆ ಇನ್ನೂ ತಲುಪಿರಲಿಲ್ಲ.

ಹೀಗಾಗಿ 1958ರಲ್ಲಿ ಆಯೋಗವು ಸುಲಭದ ದಾರಿಯನ್ನು ಹಿಡಿಯಿತು. ಹವ್ಯಾಸಿ ರೇಡಿಯೋದವರ ಕೈಯಲ್ಲಿದ್ದ 27 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ತೆಗೆದುಕೊಂಡು, ಅದರಲ್ಲಿ 23 ಚಾನೆಲ್ಲುಗಳನ್ನು ಗುರುತಿಸಿ ನಾಗರಿಕರಿಗೆ ಕೊಟ್ಟಿತು. ಸಿಟಿಜನ್ಸ್ ಬ್ಯಾಂಡ್ ಅಥವಾ ಸಿಬಿ ಎಂದು ಲೋಕಪ್ರಸಿದ್ಧವಾದದ್ದು ಇದೇ. ಇದಕ್ಕೆ ಪರೀಕ್ಷೆ ಇರಲಿಲ್ಲವಾದರೂ ಪರವಾನಗಿ ಪತ್ರ ಬೇಕಿತ್ತು, ಪ್ರತಿಯೊಬ್ಬ ಬಳಕೆದಾರನಿಗೂ ಕರೆಸಂಕೇತ ಇತ್ತು, ಮಾತಿನ ಅವಧಿಗೂ ಮಿತಿಯಿತ್ತು. 1973ರ ಅಂತ್ಯದಲ್ಲಿ ಅರಬ್ ದೇಶಗಳು ತೈಲ ಪೂರೈಕೆಯನ್ನು ತಡೆಹಿಡಿದು ಅಮೆರಿಕದಲ್ಲಿ ಇಂಧನದ ಕೊರತೆ ತಲೆದೋರಿದಾಗ, ಜೊತೆಗೆ ಹೆದ್ದಾರಿಯ ವೇಗವನ್ನು ಗಂಟೆಗೆ 55 ಮೈಲಿಗೆ ಇಳಿಸಿದಾಗ, ದೂರದೂರಿಗೆ ಸರಕು ಒಯ್ಯುವ ಲಾರಿ ಚಾಲಕರಿಗೆ ಈ ಸೆಟ್ಟು ಜೀವನಾಧಾರವಾಯಿತು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಯಾವ ತಿರುವಿನಲ್ಲಿ ಪೊಲೀಸರು ವೇಗ ಅಳೆಯುತ್ತಿದ್ದಾರೆ ಎಂಬುದನ್ನು ಅವರು ಒಬ್ಬರಿಗೊಬ್ಬರು ತಿಳಿಸಿಕೊಂಡರು, ಅದರ ಮೂಲಕವೇ ಸಂಘಟಿತರಾಗಿ ಹೆದ್ದಾರಿ ತಡೆದು ಪ್ರತಿಭಟಿಸಿದರು. 1975ರಲ್ಲಿ ಲಾರಿಗಳ ಸಾಲನ್ನು ಕುರಿತ ಹಾಡೊಂದು ದೇಶದುದ್ದಕ್ಕೂ ಮೊಳಗಿತು. ಆಗಿನ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಕೂಡ ಸಿಬಿಯಲ್ಲಿ ತಮಗೊಂದು ಅಡ್ಡಹೆಸರು ಇಟ್ಟುಕೊಂಡು ಮಾತಾಡಿದರು. ಪರವಾನಗಿಯ ಅರ್ಜಿಗಳು ತಿಂಗಳಿಗೆ ಲಕ್ಷಗಟ್ಟಲೆ ಬಂದು ಬಿದ್ದವು, 1977ರ ಆರಂಭದಲ್ಲಿ ಚಾನೆಲ್ಲುಗಳ ಸಂಖ್ಯೆಯನ್ನು 40ಕ್ಕೆ ಏರಿಸಲಾಯಿತು.

ಸಿಬಿಯ ತೊಂದರೆ ಇದ್ದದ್ದು ಜನರ ಉತ್ಸಾಹದಲ್ಲಿ ಮಾತ್ರವಲ್ಲ, ಅದಕ್ಕೆ ಆರಿಸಿದ ಕಂಪನಾಂಕದಲ್ಲಿ. ಭೂಮಿಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ. ಸೂರ್ಯನ ಕಿರಣಗಳ ಹೊಡೆತಕ್ಕೆ ಅಲ್ಲಿನ ಅನಿಲದ ಅಣುಗಳು ವಿದ್ಯುದಂಶವನ್ನು ಪಡೆದಿರುತ್ತವೆ. ಹನ್ನೊಂದು ವರ್ಷಗಳ ಆಸುಪಾಸಿನ ಆವರ್ತದಲ್ಲಿ ಸೂರ್ಯನ ಮೇಲೆ ಕಲೆಗಳು ಹೆಚ್ಚಾದಾಗ ಈ ಪದರ ಇನ್ನಷ್ಟು ಗಟ್ಟಿಯಾಗಿ, 27 ಮೆಗಾಹರ್ಟ್ಸ್‌ನ ಅಲೆಗಳನ್ನೂ ಬಾಗಿಸಿ ನೆಲಕ್ಕೆ ಹಿಂದಿರುಗಿಸುತ್ತದೆ. ಹತ್ತು ಮೈಲಿಯೊಳಗೆ ಮುಗಿಯಬೇಕಾದ ಮಾತು ಆಗ ಸಾವಿರ ಮೈಲಿ ದಾಟಿ ಇಳಿಯುತ್ತದೆ. 1970ರ ದಶಕದ ಕೊನೆಯಲ್ಲಿ ಸೌರಚಟುವಟಿಕೆ ಏರಿದ್ದೂ ಸಿಬಿ ಸೆಟ್ಟುಗಳು ಕೋಟಿಯನ್ನು ಮೀರಿದ್ದೂ ಒಂದೇ ಸಮಯಕ್ಕೆ ಕೂಡಿಬಂದವು. ಊರಿನ ಮಾತಿನ ಮೇಲೆ ದೂರದ ರಾಜ್ಯಗಳ ಗದ್ದಲ ಬಂದು ಬಿತ್ತು, ಅದನ್ನು ಮೀರಿಸಲೆಂದು ಹಲವರು ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರುಗಳನ್ನು ಕದ್ದು ಜೋಡಿಸಿದರು, ಒಬ್ಬ ಜೋರು ಮಾಡಿದ ಕಾರಣಕ್ಕೆ ಪಕ್ಕದವನೂ ಜೋರು ಮಾಡಬೇಕಾಯಿತು. ಕಾನೂನು ಸುಮಾರು 250 ಕಿಲೋಮೀಟರ್‌ಗಿಂತ ದೂರದವರೊಡನೆ ಮಾತಾಡಬಾರದೆಂದು ಹೇಳುತ್ತಿತ್ತು. ಅಲೆಗಳಿಗೆ ಆ ಕಾನೂನು ತಿಳಿಯುವುದಾದರೂ ಹೇಗೆ? ಅಂಥ ಆಂಪ್ಲಿಫೈಯರುಗಳ ಮಾರಾಟವನ್ನು 1978ರಲ್ಲಿ ನಿಷೇಧಿಸಿದರೂ ಪ್ರಯೋಜನವಾಗಲಿಲ್ಲ. ಪಾಲನೆಯೇ ಆಗದ ಪರವಾನಗಿಯನ್ನು 1983ರಲ್ಲಿ ಎಫ್‌ಸಿಸಿ ಕೈಬಿಟ್ಟಿತು. ಸಿಬಿಯ ಸ್ವಾತಂತ್ರ್ಯ ಹೀಗೆ ಆಡಳಿತದ ಅಸಹಾಯಕತೆಯಿಂದ ಬಂದದ್ದು, ವಿವೇಚನೆಯಿಂದ ಬಂದದ್ದಲ್ಲ.

ವಿವೇಚನೆಯಿಂದ ಕಟ್ಟಿದ ಮುಕ್ತ ಸೇವೆ 1990ರ ದಶಕದಲ್ಲಿ ಬಂತು. ರೇಡಿಯೋ ಶ್ಯಾಕ್ ಮಳಿಗೆಗಳ ಒಡೆತನ ಹೊಂದಿದ್ದ ಟ್ಯಾಂಡಿ ಕಂಪನಿ 1994ರಲ್ಲಿ ಎಫ್‌ಸಿಸಿಗೆ ಮನವಿ ಸಲ್ಲಿಸಿ, ಒಂದು ಕುಟುಂಬದವರು ಜಾತ್ರೆಯಲ್ಲೋ ಕಾಡಿನ ಶಿಬಿರದಲ್ಲೋ ಎರಡು ಕಾರುಗಳ ಪ್ರಯಾಣದಲ್ಲೋ ತಮ್ಮೊಳಗೆ ಮಾತಾಡಿಕೊಳ್ಳಲು ಚಿಕ್ಕ ಸೇವೆಯೊಂದು ಬೇಕೆಂದು ಕೇಳಿತು. 1996ರಲ್ಲಿ ಆಯೋಗ ಒಪ್ಪಿಕೊಂಡು ಫ್ಯಾಮಿಲಿ ರೇಡಿಯೋ ಸರ್ವಿಸ್ ಅನ್ನು, ಅಂದರೆ ಎಫ್‌ಆರ್‌ಎಸ್ ಅನ್ನು, ಜಾರಿಗೆ ತಂದಿತು. 462 ಮತ್ತು 467 ಮೆಗಾಹರ್ಟ್ಸ್‌ನ ಸುತ್ತ, ಆಗಲೇ ಇದ್ದ ಇನ್ನೊಂದು ಸೇವೆಯ ಚಾನೆಲ್ಲುಗಳ ನಡುವಿನ ಸಂದುಗಳಲ್ಲಿ, 14 ಚಾನೆಲ್ಲುಗಳನ್ನು ಇದಕ್ಕೆ ಕೊಡಲಾಯಿತು. ಅರ್ಧ ಶತಮಾನದ ಹಿಂದೆ ಸಿಟಿಜನ್ಸ್ ರೇಡಿಯೋಗೆ ಮೊದಲು ಗುರುತಿಸಿದ್ದ ಜಾಗದ ಒಳಗೇ ಜನಸಾಮಾನ್ಯರ ರೇಡಿಯೋ ಮತ್ತೆ ಬಂದು ನೆಲೆಗೊಂಡದ್ದು ಗಮನಿಸಬೇಕಾದ ಸಂಗತಿ. ಈ ಎತ್ತರದ ಕಂಪನಾಂಕಗಳನ್ನು ಅಯಾನುಗೋಳ ಹಿಂದಿರುಗಿಸುವುದಿಲ್ಲ, ಅವು ಅದನ್ನು ಸೀಳಿಕೊಂಡು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ. ಶಕ್ತಿಯನ್ನು ಅರ್ಧ ವ್ಯಾಟಿಗೆ ಸೀಮಿತಗೊಳಿಸಲಾಯಿತು. ಆಂಟೆನಾವನ್ನು ಬಿಚ್ಚಿ ಬೇರೆಯದನ್ನು ಹಾಕಲಾಗದಂತೆ ಸೆಟ್ಟಿಗೆ ಶಾಶ್ವತವಾಗಿ ಬೆಸೆದಿರಬೇಕೆಂದು ವಿಧಿಸಲಾಯಿತು, ಏಕೆಂದರೆ ಮನೆಯ ಮಹಡಿಯ ಮೇಲೆ ದೊಡ್ಡ ಆಂಟೆನಾ ನೆಟ್ಟರೆ ಅರ್ಧ ವ್ಯಾಟ್ ಕೂಡ ಬಹುದೂರ ಹೋಗಬಲ್ಲದು. ಸಿಬಿಯಲ್ಲಿ ಜನರ ಶಿಸ್ತಿಗೆ ಬಿಟ್ಟಿದ್ದನ್ನು ಇಲ್ಲಿ ಸೆಟ್ಟಿನ ರಚನೆಯೊಳಗೇ ಕೂರಿಸಲಾಯಿತು. ತಪ್ಪು ಮಾಡಲು ಆಸ್ಪದವೇ ಇಲ್ಲದ ಉಪಕರಣಕ್ಕೆ ಪರವಾನಗಿ ಅನಗತ್ಯವಾಯಿತು.

ಈ ಸೆಟ್ಟುಗಳ ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ಕೊಳ್ಳುವವರ ಮೊದಲ ಪ್ರಶ್ನೆ. ಪೆಟ್ಟಿಗೆಯ ಮೇಲೆ ಇಪ್ಪತ್ತು, ಮೂವತ್ತು ಮೈಲಿ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಪಟ್ಟಣದ ಬೀದಿಯಲ್ಲಿ ಅದೇ ಸೆಟ್ಟು ಒಂದು ಕಿಲೋಮೀಟರ್ ದಾಟುವುದಕ್ಕೂ ತಿಣುಕುತ್ತದೆ. ಎರಡಕ್ಕೂ ಕಾರಣ ಒಂದೇ. ಇಂಥ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿಯ ಹಾದಿಯಲ್ಲಿ ಸಾಗುವುದರಿಂದ, ಆಂಟೆನಾ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದೇ ದೂರವನ್ನು ನಿರ್ಧರಿಸುತ್ತದೆ. ರೇಡಿಯೋ ದಿಗಂತದ ದೂರವನ್ನು ಕಿಲೋಮೀಟರಿನಲ್ಲಿ ತಿಳಿಯಲು, ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಬೇಕು ಎಂಬುದು ಎಂಜಿನಿಯರುಗಳ ಸೂತ್ರ. ಬಯಲಲ್ಲಿ ನಿಂತು ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ಟು ಹಿಡಿದವನ ದಿಗಂತ ಸುಮಾರು 5 ಕಿಲೋಮೀಟರ್. ಸುತ್ತಲಿನ ಬಯಲಿಗಿಂತ ಐನೂರೈವತ್ತು ಮೀಟರಿಗೂ ಮಿಗಿಲಾಗಿ ಎದ್ದುನಿಂತ ನಂದಿಬೆಟ್ಟದ ತುದಿಯಲ್ಲಿ ನಿಂತವನ ದಿಗಂತ 95 ಕಿಲೋಮೀಟರಿನ ಆಚೆಗಿದೆ. ಪೆಟ್ಟಿಗೆಯ ಮೇಲಿನ ಅಂಕಿ ಬೆಟ್ಟದಿಂದ ಬಯಲಿಗೆ, ನಡುವೆ ಮರ, ಗೋಡೆ, ದಿಣ್ಣೆ ಯಾವುದೂ ಅಡ್ಡ ಬರದ ಸ್ಥಿತಿಗೆ ಮಾತ್ರ ಹೊಂದುವಂಥದ್ದು, ಮತ್ತು ಅದನ್ನು ಆ ಷರತ್ತು ತಿಳಿಸದೆ ಅಚ್ಚು ಹಾಕುವುದು ಕೊಳ್ಳುವವರಿಗೆ ಮಾಡುವ ಮೋಸವೇ ಸರಿ.

ವ್ಯಾಟ್ ಹೆಚ್ಚಿಸಿದರೆ ದೂರ ಹೆಚ್ಚುತ್ತದೆ ಎಂಬ ನಂಬಿಕೆಗೂ ಇದೇ ರೀತಿಯ ಮಿತಿ ಇದೆ. ಅಡೆತಡೆಯಿಲ್ಲದ ಅವಕಾಶದಲ್ಲಿ ದೂರ ಎರಡರಷ್ಟಾದರೆ ತಲುಪುವ ಶಕ್ತಿ ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ನೆಲದ ಸಮೀಪದಲ್ಲಿ ನೇರವಾಗಿ ಬಂದ ಅಲೆಯೂ ನೆಲಕ್ಕೆ ತಾಗಿ ಪುಟಿದು ಬಂದ ಅಲೆಯೂ ಒಂದನ್ನೊಂದು ಅಳಿಸಿಹಾಕುವುದರಿಂದ ಇಳಿಕೆ ಇನ್ನೂ ಕಡಿದಾಗಿ, ಎರಡರಷ್ಟು ದೂರಕ್ಕೆ ಹದಿನಾರರಲ್ಲೊಂದು ಭಾಗದವರೆಗೂ ಕುಸಿಯಬಹುದು. ಆದುದರಿಂದ ಅರ್ಧ ವ್ಯಾಟಿನ ಬದಲು ಎರಡು ವ್ಯಾಟಿನ ಸೆಟ್ಟು ಕೊಂಡವನಿಗೆ, ಶಕ್ತಿ ನಾಲ್ಕು ಪಟ್ಟಾದರೂ, ನೆಲದ ಮೇಲೆ ಸಿಗುವ ದೂರ ಹೆಚ್ಚೆಂದರೆ ಒಂದೂವರೆ ಪಟ್ಟಿನ ಒಳಗೇ ಉಳಿಯುತ್ತದೆ. ಹತ್ತಿರದ ದಿಣ್ಣೆಯೊಂದನ್ನು ಹತ್ತಿ ಮಾತಾಡಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಲಾಭವಾಗುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಸೆಟ್ಟನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಕೆಲಸದ ಕ್ರಮ ತಿಳಿಯುತ್ತದೆ. ಪಕ್ಕದಲ್ಲಿರುವ ಗುಂಡಿಯನ್ನು ಒತ್ತಿದಾಗ ಸೆಟ್ಟು ಅಲೆಯನ್ನು ಹೊರಡಿಸುತ್ತದೆ, ಬಿಟ್ಟಾಗ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಲಾರದು. ಹೀಗಾಗಿ ಒಬ್ಬರು ಮಾತು ಮುಗಿಸಿ ‘ಓವರ್’ ಎಂದ ಮೇಲೆಯೇ ಇನ್ನೊಬ್ಬರು ಮಾತಾಡುವ ರೂಢಿ ಬೆಳೆಯಿತು. ಗುಂಡಿ ಒತ್ತಿದ ಕ್ಷಣದಲ್ಲೇ ಮಾತು ಆರಂಭಿಸಿದರೆ ಮೊದಲ ಅಕ್ಷರಗಳು ನುಂಗಿಹೋಗುತ್ತವೆ, ಅರ್ಧ ಕ್ಷಣ ತಡೆದು ಮಾತಾಡಬೇಕು. ಯಾರೂ ಮಾತಾಡದಿರುವಾಗ ಸ್ಪೀಕರಿನಿಂದ ಬರಬೇಕಾದ ಬುಸ್ಸೆಂಬ ಸದ್ದನ್ನು ಸ್ಕ್ವೆಲ್ಚ್ ಎಂಬ ಒಳಗಿನ ಏರ್ಪಾಡು ಮುಚ್ಚಿಟ್ಟಿರುತ್ತದೆ. ಧ್ವನಿಯು ಎಫ್‌ಎಂ ವಿಧಾನದಲ್ಲಿ ಸಾಗುವುದರಿಂದ, ಒಂದೇ ಚಾನೆಲ್ಲಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಹತ್ತಿರದ ಬಲವಾದ ಅಲೆಯೇ ಕೇಳಿಸಿ ದೂರದ್ದು ಬಹುಮಟ್ಟಿಗೆ ಅಡಗಿಹೋಗುತ್ತದೆ. ಎಂಜಿನಿಯರುಗಳು ಗ್ರಹಣ ಪರಿಣಾಮ ಎಂದು ಗುರುತಿಸುವ ಈ ಗುಣ ಹಂಚಿಕೊಂಡು ಬಳಸುವ ಚಾನೆಲ್ಲಿಗೆ ದೊಡ್ಡ ಉಪಕಾರ. ಪಕ್ಕದ ಕಣಿವೆಯ ಅಪರಿಚಿತನ ಮಾತು ತನ್ನ ಮಗನ ಮಾತನ್ನು ಮುಚ್ಚಿಹಾಕುವುದಿಲ್ಲ.

ಬಹಳ ಜನ ಮೋಸಹೋಗುವ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಪೆಟ್ಟಿಗೆಯ ಮೇಲೆ ‘ಪ್ರೈವೆಸಿ ಕೋಡ್’ ಎಂದು ಬರೆದು, ಅಂಥ 38 ಕೋಡುಗಳಿವೆ ಎಂದೋ ಅವುಗಳಿಂದ ನೂರಾರು ಚಾನೆಲ್ಲುಗಳಾಗುತ್ತವೆ ಎಂದೋ ಜಾಹೀರಾತು ಕೊಡುತ್ತಾರೆ. ವಾಸ್ತವದಲ್ಲಿ ಇದು ಮಾತಿನ ಅಡಿಯಲ್ಲಿ ಬೆರೆಸುವ, ಸ್ಪೀಕರಿನಲ್ಲಿ ಕೇಳಿಸದಂತೆ ಸೋಸಿಬಿಡುವ, 67ರಿಂದ 250 ಹರ್ಟ್ಸ್ ಆಸುಪಾಸಿನ ಒಂದು ಮಂದ್ರ ನಾದ. ಆ ನಾದ ಇರುವ ಮಾತು ಬಂದಾಗ ಮಾತ್ರ ಸೆಟ್ಟು ತನ್ನ ಸ್ಪೀಕರನ್ನು ತೆರೆಯುತ್ತದೆ. ಇದರಿಂದ ತನಗೆ ಬೇಡದ ಮಾತು ಕೇಳಿಸದಂತಾಗುತ್ತದೆಯೇ ಹೊರತು ತನ್ನ ಮಾತು ಬೇರೆಯವರಿಗೆ ಕೇಳಿಸದಂತಾಗುವುದಿಲ್ಲ. ಕೋಡ್ ಹಾಕದೆ ಅದೇ ಚಾನೆಲ್ಲಿನಲ್ಲಿ ಕುಳಿತವನಿಗೆ ಎಲ್ಲವೂ ಸ್ಪಷ್ಟವಾಗಿ ಕೇಳುತ್ತದೆ. ಮನೆಗೆ ಬೀಗ ಹಾಕಿದ್ದೇವೆ, ಊರಿಗೆ ಬರುವುದು ನಾಳೆ ಎಂಬಂಥ ಮಾತುಗಳನ್ನು ಇಂಥ ಸೆಟ್ಟಿನಲ್ಲಿ ಆಡಲೇಬಾರದು. ಇನ್ನೂ ಗಂಭೀರವಾದ ತೊಂದರೆಯೊಂದಿದೆ: ಚಾನೆಲ್ ಖಾಲಿಯಿದೆಯೇ ಎಂದು ಕೋಡ್ ಹಾಕಿಕೊಂಡವನಿಗೆ ತಿಳಿಯುವುದೇ ಇಲ್ಲವಾದ್ದರಿಂದ, ಇತರರ ಮಾತಿನ ನಡುವೆ ಅವನು ಅರಿವಿಲ್ಲದೆ ನುಗ್ಗುತ್ತಾನೆ.

ಅಮೆರಿಕದಲ್ಲಿ ಎಫ್‌ಆರ್‌ಎಸ್ ಯಶಸ್ವಿಯಾದ ಮೇಲೆ ತಯಾರಕರು ಅದರ ನೆರೆಯ ಸೇವೆಯನ್ನೂ ಅದೇ ಸೆಟ್ಟಿಗೆ ಸೇರಿಸಿ ಮಾರತೊಡಗಿದರು. ಜನರಲ್ ಮೊಬೈಲ್ ರೇಡಿಯೋ ಸರ್ವಿಸ್ ಎಂಬ ಆ ಸೇವೆಯಲ್ಲಿ ಹೆಚ್ಚು ಶಕ್ತಿಗೆ, ಬೆಟ್ಟದ ಮೇಲಿಟ್ಟು ಮಾತನ್ನು ಮರುಪ್ರಸಾರ ಮಾಡುವ ರಿಪೀಟರಿಗೆ ಅವಕಾಶವಿದೆ, ಆದರೆ ಪರವಾನಗಿ ಕಡ್ಡಾಯ. ಈಗ 35 ಡಾಲರ್ ಕಟ್ಟಿದರೆ ಪರೀಕ್ಷೆಯಿಲ್ಲದೆ ಹತ್ತು ವರ್ಷಕ್ಕೆ ಇಡೀ ಕುಟುಂಬಕ್ಕೆ ಅದು ಸಿಗುತ್ತದೆ. ಜೋಡಿ ಸೆಟ್ಟನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಬಿಡಿಸಿ ಮಕ್ಕಳಿಗೆ ಕೊಡುವ ಪೋಷಕರು ಒಳಗಿನ ಸಣ್ಣಕ್ಷರದ ಚೀಟಿಯನ್ನು ಓದಲಿಲ್ಲ, ಪರವಾನಗಿ ಪಡೆಯಲೂ ಇಲ್ಲ. ಕೊನೆಗೆ 2017ರಲ್ಲಿ ಎಫ್‌ಸಿಸಿ ವಾಸ್ತವವನ್ನು ಒಪ್ಪಿಕೊಂಡು ಎಫ್‌ಆರ್‌ಎಸ್ ಚಾನೆಲ್ಲುಗಳನ್ನು 22ಕ್ಕೆ ಏರಿಸಿತು, ಬಹುಪಾಲು ಚಾನೆಲ್ಲುಗಳಲ್ಲಿ ಎರಡು ವ್ಯಾಟಿನವರೆಗೆ ಅನುಮತಿ ಕೊಟ್ಟಿತು, ಎರಡೂ ಸೇವೆಗಳನ್ನು ಬೆರೆಸಿದ ಸೆಟ್ಟುಗಳಿಗೆ ಮುಂದೆ ಮಾನ್ಯತೆ ಇಲ್ಲವೆಂದಿತು. ಆಂಟೆನಾ ಬಿಚ್ಚಬಾರದೆಂಬ ನಿಯಮವನ್ನು ಮಾತ್ರ ಅದು ಸಡಿಲಿಸಲಿಲ್ಲ, ಅದು ಸರಿಯಾದ ತೀರ್ಮಾನ.

ಇತರ ದೇಶಗಳು ತಮ್ಮ ನೆಲಕ್ಕೆ ತಕ್ಕಂತೆ ಬೇರೆ ಬೇರೆ ಎಲ್ಲೆಗಳನ್ನು ಹಾಕಿಕೊಂಡಿವೆ. ಯುರೋಪಿನ ದೇಶಗಳು 1998ರಲ್ಲಿ ಒಮ್ಮತಕ್ಕೆ ಬಂದು 446 ಮೆಗಾಹರ್ಟ್ಸ್‌ನಲ್ಲಿ ಎಂಟು ಚಾನೆಲ್ಲುಗಳನ್ನು ಅರ್ಧ ವ್ಯಾಟಿನ ಮಿತಿಯಲ್ಲಿ ತೆರೆದವು, ಮುಂದೆ ಅವು ಹದಿನಾರಾದವು. ಜನದಟ್ಟಣೆ ಹೆಚ್ಚಿರುವ ಜಪಾನಿನಲ್ಲಿ ಪರವಾನಗಿ ಇಲ್ಲದ ಅಗ್ಗದ ಸೆಟ್ಟುಗಳಿಗೆ ಒಂದು ವ್ಯಾಟಿನ ನೂರನೆಯ ಒಂದು ಭಾಗ, ಅಂದರೆ ಹತ್ತು ಮಿಲಿವ್ಯಾಟ್ ಮಾತ್ರ ಮಿತಿ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹತ್ತಾರು ಕಿಲೋಮೀಟರ್ ಇರುವ ಆಸ್ಟ್ರೇಲಿಯಾದಲ್ಲಿ 477 ಮೆಗಾಹರ್ಟ್ಸ್ ಸುತ್ತ 80 ಚಾನೆಲ್ಲುಗಳಿಗೆ ಐದು ವ್ಯಾಟ್, ಜೊತೆಗೆ ರಿಪೀಟರುಗಳಿಗೂ ಅವಕಾಶ. ಅಲ್ಲಿ 40ನೆಯ ಚಾನೆಲ್ ಹೆದ್ದಾರಿಯ ವಾಹನಗಳದ್ದು, 5 ಮತ್ತು 35ನೆಯವು ತುರ್ತು ಕರೆಗೆ ಮೀಸಲು.

ಯಾವ ಸರ್ಕಾರವೂ ಹೇಳದೆ ಬಳಕೆದಾರರೇ ಕಟ್ಟಿಕೊಂಡ ಕಟ್ಟುಪಾಡುಗಳೂ ಇವೆ. ಇಟಲಿಯಲ್ಲಿ ರೇಟೆ ರೇಡಿಯೋ ಮೊಂಟಾನಾ ಎಂಬ ಸ್ವಯಂಸೇವಕರ ಜಾಲ, ಪರ್ವತ ಹತ್ತುವವರೆಲ್ಲ ತಮ್ಮ ಪಿಎಂಆರ್ ಸೆಟ್ಟನ್ನು 8ನೆಯ ಚಾನೆಲ್, 16ನೆಯ ಕೋಡಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಚಾರ ಮಾಡುತ್ತ ಬಂದಿದೆ. ಸ್ಪೇನಿನ ಪರ್ವತಾರೋಹಿಗಳಲ್ಲಿ ಇದೇ ಉದ್ದೇಶಕ್ಕೆ ಏಳು-ಏಳು ಎಂಬ ರೂಢಿ ಬೆಳೆದಿದೆ. ಕಾಲು ಮುರಿದು ಕಮರಿಯಲ್ಲಿ ಬಿದ್ದವನ ಕರೆಯನ್ನು ಎದುರಿನ ಏಣಿನಲ್ಲಿ ನಡೆಯುತ್ತಿರುವ ಅಪರಿಚಿತ ಕೇಳಿ ರಕ್ಷಣಾ ದಳಕ್ಕೆ ತಿಳಿಸಬಹುದೆಂಬುದು ಇದರ ಹಿಂದಿನ ಆಲೋಚನೆ. ಕೇಳಲೇಬೇಕೆಂಬ ಹೊಣೆ ಯಾರ ಮೇಲೂ ಇಲ್ಲದಿರುವುದರಿಂದ ಇದನ್ನು ಕೊನೆಯ ಆಸರೆಯಾಗಿ ನಂಬುವಂತಿಲ್ಲ. ಹಾಗಿದ್ದರೂ ಒಡೆಯನಿಲ್ಲದ ಜಾಗದಲ್ಲಿ ಜನ ತಾವಾಗಿಯೇ ಒಬ್ಬರಿಗೊಬ್ಬರು ಕಿವಿಗೊಡಲು ಒಪ್ಪಿಕೊಂಡದ್ದು ಮೆಚ್ಚತಕ್ಕ ನಡೆ.

ಭಾರತದ ಕಾನೂನು ಬಹುಕಾಲ ಬೇರೆಯದೇ ಮನೋಭಾವದ್ದು. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಎರಡೂ ವಸಾಹತು ಆಡಳಿತ ರೂಪಿಸಿದವು. ಎರಡನೆಯದರ ಪ್ರಕಾರ ವೈರ್‌ಲೆಸ್ ಉಪಕರಣವನ್ನು ಪರವಾನಗಿಯಿಲ್ಲದೆ ಬಳಿಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಮನೆಯಲ್ಲಿ ವಾರ್ತೆ ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಕಾಲವನ್ನು ಕರ್ನಾಟಕದ ಹಿರಿಯರು ಇನ್ನೂ ಮರೆತಿಲ್ಲ. 1980ರ ದಶಕದಲ್ಲಷ್ಟೇ ಆ ಪದ್ಧತಿ ಕೊನೆಗೊಂಡಿತು. ಮುಕ್ತ ಜಾಗ ಇಲ್ಲಿ ತೆರೆದುಕೊಂಡದ್ದು ಈ ಶತಮಾನದಲ್ಲಿ. 2005ರಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ಸ್ ಬ್ಯಾಂಡಿಗೆ ಐದು ವ್ಯಾಟಿನ ಮಿತಿಯಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಅದೇ ವರ್ಷ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯೂ ಮುಕ್ತವಾಯಿತು. ಇಂದು ಮನೆಮನೆಯಲ್ಲಿ ಮಿನುಗುವ ವೈ-ಫೈ ಪೆಟ್ಟಿಗೆಗೆ ಯಾರೂ ಪರವಾನಗಿ ಪಡೆಯದಿರುವುದು ಇದೇ ಅಲ್ಪಶಕ್ತಿಯ ತತ್ವದಿಂದ. 2018ರಲ್ಲಿ ಅಲ್ಪಶಕ್ತಿಯ ಉಪಕರಣಗಳ ನಿಯಮಗಳು ಹೊಸದಾಗಿ ಬಂದಾಗ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿ, ಅಂದರೆ ಯುರೋಪಿನ ಪಿಎಂಆರ್ ಜಾಗವೇ, ಭಾರತದಲ್ಲೂ ಪರವಾನಗಿ ಮುಕ್ತವಾಯಿತು. ಹಳೆಯ ಎರಡು ಕಾಯ್ದೆಗಳ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬರುತ್ತಿದೆ.

ಇಲ್ಲಿಂದ ಹೊರಡುವ ಪರಿಣಾಮಗಳು ಕನ್ನಡಿಗರ ಮನೆಗಳನ್ನು ನೇರವಾಗಿ ಮುಟ್ಟುತ್ತವೆ. ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಊರಿಗೆ ಬರುವಾಗ ತೋಟದ ಕೆಲಸಕ್ಕೆ ಆಗುತ್ತದೆಂದು ತಂದ ಎಫ್‌ಆರ್‌ಎಸ್ ಜೋಡಿ ಅಲ್ಲಿ ಸಂಪೂರ್ಣ ಕಾನೂನುಬದ್ಧ. ಆದರೆ 462 ಮತ್ತು 467 ಮೆಗಾಹರ್ಟ್ಸ್ ಭಾರತದಲ್ಲಿ ಮುಕ್ತ ಜಾಗವಲ್ಲವಾದ್ದರಿಂದ ಇಲ್ಲಿ ಅದನ್ನು ಒತ್ತಿ ಮಾತಾಡಿದ ಕ್ಷಣವೇ ಕಾನೂನಿನ ಉಲ್ಲಂಘನೆಯಾಗುತ್ತದೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ, 400ರಿಂದ 480 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಹೊಂದಿಸಬಹುದಾದ, ಐದು ವ್ಯಾಟಿನ, ಆಂಟೆನಾ ಬಿಚ್ಚಿ ಬದಲಿಸಬಹುದಾದ ಸೆಟ್ಟುಗಳ ಅಪಾಯ ಇದಕ್ಕಿಂತ ದೊಡ್ಡದು, ಏಕೆಂದರೆ ಕೊಂಡವನಿಗೆ ಗೊತ್ತಿಲ್ಲದೆಯೇ ಅವು ಬೇರೆಯವರಿಗೆ ಮೀಸಲಾದ ಕಂಪನಾಂಕದಲ್ಲಿ ಕೂಗುತ್ತಿರಬಹುದು. ಈ ಕಾರಣದಿಂದಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ವೇದಿಕೆಗಳಿಗೆ 13 ನೋಟಿಸುಗಳನ್ನು ನೀಡಿತು, ಅನಂತರ ವಾಕಿಟಾಕಿಗಳ ಅಕ್ರಮ ಮಾರಾಟ ತಡೆಯಲು ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ಟು ಯಾವ ಕಂಪನಾಂಕದ್ದು, ಅದಕ್ಕೆ ಪರವಾನಗಿ ಬೇಕೇ, ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗದಿಂದ ಇಟಿಎ ಎಂಬ ಉಪಕರಣ ಮಾನ್ಯತೆ ದೊರೆತಿದೆಯೇ ಎಂಬುದನ್ನು ಮಾರುವವರು ತಿಳಿಸಲೇಬೇಕು ಎಂಬುದು ಅದರ ತಿರುಳು.

ಮಲೆನಾಡಿನ ಹಲವು ಕಣಿವೆಗಳಲ್ಲಿ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳ ಒಳಭಾಗದಲ್ಲಿ, ಘಟ್ಟದ ಚಾರಣದ ಹಾದಿಗಳಲ್ಲಿ ಮೊಬೈಲ್ ಸಿಗ್ನಲ್ ಇಂದಿಗೂ ನೆಚ್ಚಲಾಗದ ವಸ್ತು. ಪಂಪ್‌ಸೆಟ್ಟಿನ ಬಳಿ ನಿಂತವನಿಗೂ ಗುಡ್ಡದ ಮೇಲಿನ ತೊಟ್ಟಿಯ ಬಳಿ ಇರುವವನಿಗೂ, ಚಾರಣ ತಂಡದ ಮುಂದಾಳಿಗೂ ಕೊನೆಯಲ್ಲಿ ಬರುತ್ತಿರುವವನಿಗೂ 446 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟು ಸಾಕಾಗುತ್ತದೆ. ಮಳೆಗಾಲದ ತೊಯ್ದ ಎಲೆಗಳು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ದಟ್ಟ ಕಾಡಿನಲ್ಲಿ ದೂರ ಇನ್ನಷ್ಟು ಕುಗ್ಗುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿ ತಿಳಿದಿರಬೇಕು. ಹತ್ತಾರು ಕಿಲೋಮೀಟರ್ ಆಚೆಗೆ ಮಾತು ಬೇಕಾದವರು ಶಕ್ತಿಯ ಸೆಟ್ಟನ್ನು ಕದ್ದು ಬಳಸುವುದಕ್ಕಿಂತ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಪರವಾನಗಿ ಪಡೆಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಹ್ಯಾಮ್ ಬಳಗ ದಶಕಗಳಿಂದ ಚುರುಕಾಗಿದೆ. ಆದರೆ ಆ ಪರವಾನಗಿ ವ್ಯಾಪಾರದ ಮಾತಿಗಲ್ಲವಾದ್ದರಿಂದ ತೋಟದ ನಿತ್ಯದ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ.

ಮಾರ್ಗಸೂಚಿಗಳು ಕಡತದಲ್ಲಿ ಉಳಿದರೆ ಸಾಲದು. ಕರ್ನಾಟಕದಲ್ಲಿ ಮಾರುವ ಪ್ರತಿ ಸೆಟ್ಟಿನ ಪೆಟ್ಟಿಗೆಯ ಮೇಲೂ ಅದರ ಕಂಪನಾಂಕ, ಶಕ್ತಿ, ಪರವಾನಗಿಯ ಅಗತ್ಯ ಈ ಮೂರು ಮಾತುಗಳು ಕನ್ನಡದಲ್ಲಿ, ಓದಲಾಗುವ ಗಾತ್ರದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು. ಅಲ್ಲಿಯವರೆಗೆ, ಕೊಳ್ಳುವವರು ಅಂಗಡಿಯಲ್ಲೇ ಪೆಟ್ಟಿಗೆ ತಿರುಗಿಸಿ 446.0ರಿಂದ 446.2 ಮೆಗಾಹರ್ಟ್ಸ್ ಎಂಬ ಅಂಕಿಯನ್ನೂ ಇಟಿಎ ಸಂಖ್ಯೆಯನ್ನೂ ಹುಡುಕಿ, ಎರಡರಲ್ಲಿ ಒಂದು ಕಾಣದಿದ್ದರೂ ಆ ಸೆಟ್ಟನ್ನು ಕೊಳ್ಳದೆ ಹಿಂದಿರುಗಿಸಬೇಕು.